ಒಂದು ಕಾಯಿ, ಐದು ತೊಲೆ ಬಂಗಾರ

2022ರ ಅಕ್ಟೋಬರ್ 4, ಮಂಗಳವಾರ, ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವತ್ತು ಬೆಳಿಗ್ಗೆ ಹತ್ತೂವರೆಗೆ ಕಾಯಿ ಒಡೆಯಬೇಕಿದ್ದವರು ಒಡೆಯಲಿಲ್ಲ. ನಡೆದದ್ದು ಇಷ್ಟೇ. ಜಗಳ ಆಗಲಿಲ್ಲ, ಪೊಲೀಸರು ಬರಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ಆದರೂ ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನ ಕ್ರೈಸ್ತ ಮಂದಿಯಲ್ಲಿ, ಇದರ ಮಾತು ತಿಂಗಳುಗಟ್ಟಲೆ ನಡೆಯಿತು. ಆಗ ನಾನು ಸಭೆಯ ಸಮಿತಿಯಲ್ಲಿದ್ದೆ. ಮಾತಾಡಿದವರಲ್ಲಿ ನಾನೂ ಒಬ್ಬ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಅವರನ್ನು ಮಿಸ್ತ್ರಿ ಅಂತಲೇ ಕರೆಯುತ್ತೇನೆ. ಓಣಿಯಲ್ಲೂ ಚರ್ಚಿನಲ್ಲೂ ಎಲ್ಲರೂ ಹಾಗೇ ಕರೆಯುತ್ತಾರೆ.

ಮಿಸ್ತ್ರಿ

ಆಗ ಅವರಿಗೆ 47 ವರ್ಷ. ಅದೇ ವರ್ಕ್‌ಶಾಪಿನಲ್ಲಿ 22 ವರ್ಷದಿಂದ ಲೇತ್ ಮೇಲೆ, ಅಂದರೆ ಲೋಹ ಕಡೆಯುವ ಮಷಿನ್ ಮೇಲೆ, ಕೆಲಸ. ಪಂಪಿನ ಶಾಫ್ಟ್, ಬುಶ್, ಟ್ರೇಲರಿನ ಬಿಡಿಭಾಗ, ಯಾರಾದರೂ ಹಳೇ ಮಷಿನಿನ ಮುರಿದ ಗಿಯರ್ ಚೀಲದಲ್ಲಿ ಹಾಕಿಕೊಂಡು ಬಂದರೆ ಅದಕ್ಕೊಂದು ಜೋಡಿ. ಒಟ್ಟು 14 ಜನ, ನಾಲ್ಕು ಲೇತ್, ಒಂದು ಮಿಲ್ಲಿಂಗ್ ಮಷಿನ್, ಎರಡು ಡ್ರಿಲ್ಲಿಂಗ್ ಮಷಿನ್.

22 ವರ್ಷವೂ ಅಲ್ಲಿ ಖಂಡೆ ಪೂಜೆ ನಡೆದಿದೆ. ಬಾಳೆಕಂಬ, ಕಬ್ಬು, ಚೆಂಡು ಹೂವಿನ ಹಾರ, ಪ್ರತಿ ಮಷಿನಿಗೂ ವಿಭೂತಿ, ಕುಂಕುಮ, ಕೊನೆಗೆ ಬಾಗಿಲಲ್ಲಿ ಕುಂಬಳಕಾಯಿ. ಇವರು ಪ್ರತಿ ಸಲವೂ ಹಿಂದೆ, ಸ್ಕ್ರ್ಯಾಪ್ ಡಬ್ಬಿಯ ಹತ್ತಿರ ನಿಲ್ಲುತ್ತಿದ್ದರು. ಮಂಗಳಾರತಿ ಶುರುವಾದಾಗ ಚಹಾದ ನೆಪದಲ್ಲಿ ಹೊರಗೆ ಹೋಗುತ್ತಿದ್ದರು. ಯಾರೂ ಕೇಳಲಿಲ್ಲ. ಹಿಂದೆ ನಿಂತವನ ಕೈ ಎಲ್ಲಿದೆ ಅಂತ ಯಾರು ನೋಡುತ್ತಾರೆ?

2022ರ ಜೂನ್‌ನಲ್ಲಿ ಹಳೇ ಮಿಸ್ತ್ರಿ ಕಣ್ಣು ಮಂಜಾಯಿತೆಂದು ಕೆಲಸ ಬಿಟ್ಟರು. ಇವರು ಮಿಸ್ತ್ರಿ ಆದರು. ಪಗಾರ ನಾಲ್ಕು ಸಾವಿರ ಜಾಸ್ತಿ ಆಯಿತು. ಜೊತೆಗೆ ಇನ್ನೊಂದು ಜವಾಬ್ದಾರಿಯೂ ಬಂತು. ಆ ವರ್ಕ್‌ಶಾಪಿನಲ್ಲಿ ದೊಡ್ಡ ಲೇತಿನ ಮುಂದೆ ಮೊದಲ ಕಾಯಿ ಒಡೆಯುವುದು ಮಿಸ್ತ್ರಿ. ಮಾಲಕರ ಆರತಿ ಆಮೇಲೆ. ಮಷಿನ್ ಯಾರ ಕೈಯಲ್ಲಿದೆಯೋ ಪೂಜೆಯೂ ಅವರದ್ದೇ ಅನ್ನುವ ಲೆಕ್ಕ. ಕೇಳಿದರೆ ಇದು ಮರ್ಯಾದೆಯ ವಿಷಯವೇ.

ಅವರ ಮನೆತನದ ಬಗ್ಗೆ ಸ್ವಲ್ಪ ಹೇಳಬೇಕು. ಮೂಲ ಗದಗದ ಬೆಟಗೇರಿ ಕಡೆ, ನೇಕಾರರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಗೆ ತಲುಪಿದರು. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದವನಿಗೆ ದೇವರು ಬದಲಾದರೆ ಮುಗಿಯುತ್ತಿರಲಿಲ್ಲ. ನೂಲು ಸಾಲ ಕೊಡುವವನು ಬಾಗಿಲು ಹಾಕುತ್ತಿದ್ದ. ಬಾವಿ ಹೋಗುತ್ತಿತ್ತು, ಬೀಗರು ಹೋಗುತ್ತಿದ್ದರು, ಅಪ್ಪನ ಮನೆಯ ಪಾಲೂ ಹೋಗುತ್ತಿತ್ತು. 1850ರಲ್ಲಿ ಬ್ರಿಟಿಷರು ಒಂದು ಕಾಯ್ದೆ ತಂದರು. ಧರ್ಮ ಬಿಟ್ಟ ಕಾರಣಕ್ಕೆ, ಜಾತಿಯಿಂದ ಹೊರಹಾಕಿದ ಕಾರಣಕ್ಕೆ ಪಿತ್ರಾರ್ಜಿತ ಆಸ್ತಿ ಕಿತ್ತುಕೊಳ್ಳಬಾರದು ಅಂತ. ಕಾಗದದ ಮೇಲೆ ಹಕ್ಕು ಬಂತು, ಬಾವಿ ಬರಲಿಲ್ಲ. ಮಿಷನ್ನಿನವರು ನೇಯ್ಗೆ ಕಾರ್ಖಾನೆ, ಹಂಚಿನ ಕಾರ್ಖಾನೆ ಶುರು ಮಾಡಿದ್ದಕ್ಕೆ ದೊಡ್ಡ ಕಾರಣ ಇದೇ. ಹೊರಬಿದ್ದವರಿಗೆ ಹೊಟ್ಟೆಗೆ ಬೇಕಿತ್ತು. ಇನ್ನೊಂದು ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟಾಗಿದ್ದರು: ಸಭೆಯೊಳಗೆ ಜಾತಿ ತರಕೂಡದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮಾಲಕರ ಮಾತು

ಪೂಜೆಗೆ ನಾಲ್ಕು ದಿನ ಮುಂಚೆ, ಶುಕ್ರವಾರ ಸಂಜೆ ಪಗಾರದ ಲೆಕ್ಕ ಮುಗಿದ ಮೇಲೆ ಮಾಲಕರು ವಿಷಯ ಎತ್ತಿದರು. ಮಿಸ್ತ್ರಿ ಅದನ್ನು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ನನಗೇ ಬಾಯಿಪಾಠ ಆಗಿದೆ.

"ಮಿಸ್ತ್ರಿ, ಮಂಗಳವಾರ ಪೂಜಿ. ಈ ಸಲ ಕಾಯಿ ನೀವ ಒಡೀಬೇಕು ನೋಡ್ರಿ."

"ಸಾವ್ಕಾರ್ರ, ಅದೊಂದು ನನಗ ಬ್ಯಾಡ್ರಿ. ನಿಮಗ ಗೊತ್ತೈತಲ್ರಿ."

"ಒಂದು ಕಾಯಿ ಒಡದ್ರ ಏನಾಗ್ತೈತಿ? ನಾ ಮಿಷನ್ ಸಾಲ್ಯಾಗ ಹತ್ತು ವರ್ಷ ಕಲ್ತೀನಿ. ದಿನಾ ಮುಂಜಾನೆ ಕೈ ಕಟ್ಕೊಂಡು, ಕಣ್ಣು ಮುಚ್ಕೊಂಡು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂದೀನಿ. ಈಗ್ಲೂ ಪೂರಾ ಬರ್ತೈತಿ, ಹೇಳ್ಲೇನು? ನಾನೇನು ಕ್ರಿಶ್ಚನ್ ಆದ್ನೇನು? ನಮ್ಮಪ್ಪ ಏನಾರ ಅಂದ್ನೇನು?"

ಮಿಸ್ತ್ರಿಗೆ ಉತ್ತರ ಹೊಳೆಯಲಿಲ್ಲ. "ವಿಚಾರ ಮಾಡಿ ಹೇಳ್ತೀನ್ರಿ" ಅಂದು ಸೈಕಲ್ ಹತ್ತಿದರು.

ಈ ಇಡೀ ಪ್ರಕರಣದಲ್ಲಿ ಯಾರಾದರೂ ಆಡಿದ ಗಟ್ಟಿ ಮಾತು ಇದೇ ಅಂತ ನನಗೆ ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಆಗ ನಾವೆಲ್ಲ "ಅದು ಶಾಲೆ, ಇದು ವಿಗ್ರಹಾರಾಧನೆ, ಎರಡೂ ಒಂದೇ ಏನು?" ಅಂದು ಸುಮ್ಮನಾದೆವು. ಆದರೆ ಏಳು ವರ್ಷದ ಹುಡುಗನಿಗೆ ಪ್ರಾರ್ಥನೆ ಒಲ್ಲೆ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? 47 ವರ್ಷದ ಮಿಸ್ತ್ರಿಗೇ ಬಂದಿರಲಿಲ್ಲ. ನಮ್ಮ ಸಂವಿಧಾನದ 28ನೇ ವಿಧಿ ಹೇಳುವುದು ಇದನ್ನೇ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ಮಾಲಕರ ಅಪ್ಪನ ಒಪ್ಪಿಗೆಯನ್ನು ಆ ಶಾಲೆಯವರು ಕೇಳಿದ್ದರೇ? ಬಾಸೆಲ್ ಮಿಷನ್ನಿನ ಕಾರ್ಖಾನೆಗಳಲ್ಲಿ ಸಹ ದಿನದ ಕೆಲಸ ಪ್ರಾರ್ಥನೆಯಿಂದಲೇ ಶುರುವಾಗುತ್ತಿತ್ತು. ಮಗ್ಗ ನಮ್ಮದಾಗಿದ್ದಾಗ ಪ್ರಾರ್ಥನೆಯೂ ನಮ್ಮದಾಗಿತ್ತು. ಈಗ ಲೇತ್ ಅವರದು.

ಶನಿವಾರ ರಾತ್ರಿ

ಮರುದಿನ ರಾತ್ರಿ ಅವರ ಮನೆಯಲ್ಲೇ ಪ್ರಾರ್ಥನಾ ಕೂಟ ಇತ್ತು. ಹದಿನಾರು ಜನ. ಪ್ರಾರ್ಥನೆ ಮುಗಿದು ಅವಲಕ್ಕಿ, ಚಹಾ ಬಂದ ಮೇಲೆ ಮಿಸ್ತ್ರಿ ವಿಷಯ ತೆಗೆದರು.

ಕಾಲೇಜಿಗೆ ಹೋಗುವ ಹುಡುಗರು ಮೊದಲು ಎದ್ದರು. ಅವರ ಬಾಯಲ್ಲಿ ಶದ್ರಕ್, ಮೇಶಕ್, ಅಬೇದ್ನೆಗೋ. ಬೈಬಲಿನ ದಾನಿಯೇಲನ ಪುಸ್ತಕದ ಕತೆ. ಬಾಬೆಲಿನ ರಾಜ ನೆಬೂಕದ್ನೆಚ್ಚರ ಚಿನ್ನದ ಪ್ರತಿಮೆಗೆ ಅಡ್ಡಬೀಳಿ ಅಂದ. ಈ ಮೂವರು ಬೀಳಲಿಲ್ಲ. ಬೆಂಕಿಯ ಕುಲುಮೆಗೆ ಹಾಕಿಸಿದ. ಕೂದಲು ಕೂಡ ಸುಡಲಿಲ್ಲ. "ಅಂಕಲ್, ಕೆಲಸ ಹೋದ್ರ ಹೋಗ್ಲಿ" ಅಂತ ಒಬ್ಬ ಹುಡುಗ. ಅವನ ಫೀ ತುಂಬುವವರು ಅವನ ಅಪ್ಪ.

ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬ ಹಿರಿಯರು ನಾಮಾನನ ಕತೆ ತೆಗೆದರು. ಎರಡನೇ ಅರಸುಗಳ ಪುಸ್ತಕದ 5ನೇ ಅಧ್ಯಾಯ. ಅರಾಮ್ ದೇಶದ ಸೇನಾಪತಿ ನಾಮಾನ, ಕುಷ್ಠ ವಾಸಿಯಾದ ಮೇಲೆ ಇಸ್ರಾಯೇಲಿನ ದೇವರೊಬ್ಬನನ್ನೇ ನಂಬುತ್ತೇನೆ ಅಂದ. ಹೋಗುವ ಮುಂಚೆ ಪ್ರವಾದಿ ಎಲೀಷನ ಹತ್ತಿರ ಒಂದು ವಿನಾಯಿತಿ ಕೇಳಿದ. ನನ್ನ ರಾಜ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಮೇಲೆ ಊರಿಕೊಂಡು ಬಗ್ಗುತ್ತಾನೆ, ಆಗ ನಾನೂ ಬಗ್ಗಬೇಕಾಗುತ್ತದೆ, ಅದೊಂದನ್ನು ಕ್ಷಮಿಸಬೇಕು. ಎಲೀಷ ಬೈಯಲಿಲ್ಲ, ಸಮಾಧಾನದಿಂದ ಹೋಗು ಅಂದ. "ನಾವು ರೈಲ್ವೆದಾಗ 34 ವರ್ಷ ನಾಮಾನನಂಗ ಇದ್ವಿ" ಅಂದರು ಹಿರಿಯರು. ಹುಡುಗರು ನಕ್ಕರು. ಅವರು ನಗಲಿಲ್ಲ.

ನಮ್ಮಲ್ಲಿ ಒಬ್ಬರು ವಕೀಲರಿದ್ದಾರೆ. ಅವರು ಕೇರಳದ ಪ್ರಕರಣ ನೆನಪಿಸಿದರು. 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಗಡಕ್ಕೆ ಸೇರಿದ ಮೂರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆ ಹಾಡಲಿಲ್ಲ. ಗೌರವದಿಂದ ಎದ್ದು ನಿಂತಿದ್ದರು, ಬಾಯಿ ಮಾತ್ರ ತೆರೆಯಲಿಲ್ಲ. ಶಾಲೆಯಿಂದ ಹೊರಹಾಕಿದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಎದ್ದು ನಿಂತರೆ ಗೌರವ ಕೊಟ್ಟ ಹಾಗೆಯೇ, ಹಾಡದಿದ್ದರೆ ಅವಮಾನ ಆಗುವುದಿಲ್ಲ ಅಂತ. "ಆದ್ರ ಖಾಸಗಿ ವರ್ಕ್‌ಶಾಪಿನ ಮಾಲಕರ ಮುಂದ ಈ ತೀರ್ಪು ಓದಾಕ ಹೋಗಬ್ಯಾಡ್ರಿ" ಅಂತಲೂ ಅವರೇ ಹೇಳಿದರು. "ನಿಲ್ಲೋದು ಹೆಂಗ ಅಂತ ಮಾತ್ರ ಆ ಮಕ್ಕಳಿಂದ ಕಲೀರಿ."

ಆ ವರ್ಷ ಮೇ ತಿಂಗಳಲ್ಲಷ್ಟೇ ರಾಜ್ಯದಲ್ಲಿ ಜನ ಮತಾಂತರ ನಿಷೇಧ ಕಾಯ್ದೆ ಅಂತ ಕರೆಯುವ ಕಾನೂನು ಜಾರಿಗೆ ಬಂದಿತ್ತು. ಮಿಸ್ತ್ರಿ ಯಾರನ್ನೂ ಮತಾಂತರ ಮಾಡಲು ಹೊರಟಿರಲಿಲ್ಲ. ಆದರೂ ಕೂಟದಲ್ಲಿ ಇಬ್ಬರು ಕಿಟಕಿ ಮುಚ್ಚಿ ಬಂದು ಮಾತಾಡಿದರು. ಭಯ ಹೀಗೇ ಇರುತ್ತದೆ, ಅದಕ್ಕೆ ಕಾನೂನಿನ ಕಲಮು ಗೊತ್ತಿರುವುದಿಲ್ಲ.

ಪಾಸ್ಟರ್ ಕೊನೆಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ ಓದಿದರು. ಕೊರಿಂಥ ಊರಿನ ತೊಡಕು ಹುಬ್ಬಳ್ಳಿಯದೇ. ಪೇಟೆಯಲ್ಲಿ ಸಿಗುವ ಮಾಂಸ ಗುಡಿಯಲ್ಲಿ ಬಲಿ ಕೊಟ್ಟದ್ದೋ ಅಲ್ಲವೋ ಯಾರಿಗೆ ಗೊತ್ತು? ಪತ್ರ ಬರೆದ ಪೌಲ ಅನ್ನುತ್ತಾನೆ: ಕೇಳಲು ಹೋಗಬೇಡಿ, ತಿನ್ನಿ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಯಾರಾದರೂ ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂದರೆ ತಿನ್ನಬೇಡಿ, ಹೇಳಿದವನ ಸಲುವಾಗಿ. ಅಂದರೆ ತಟ್ಟೆಯಲ್ಲಿ ಇರುವುದು ಅದೇ ಮಾಂಸ. ತಿನ್ನುವುದನ್ನು ಎದುರಿಗಿದ್ದವನು ಏನೆಂದು ತಿಳಿಯುತ್ತಾನೆ ಅನ್ನುವುದರ ಮೇಲೆ ಲೆಕ್ಕ. ಹಿಂದೆ ನಿಂತು ಚುರಮರಿ ತಿಂದರೆ ಯಾರೂ ಏನೂ ತಿಳಿಯುವುದಿಲ್ಲ. ಮುಂದೆ ನಿಂತು ಕಾಯಿ ಒಡೆದರೆ 13 ಜನ ಒಂದು ಅರ್ಥ ಮಾಡಿಕೊಳ್ಳುತ್ತಾರೆ. ಮಿಸ್ತ್ರಿಗೆ ದಾರಿ ಕಂಡದ್ದು ಇಲ್ಲಿ ಅಂತ ಅವರೇ ಆಮೇಲೆ ಹೇಳಿದರು.

ಇಷ್ಟಾದ ಮೇಲೆ ಒಳಗಿಂದ ಮಿಸ್ತ್ರಿಯ ಮನೆಯವರು, ಅಂದರೆ ಹೆಂಡತಿ, ಚಹಾದ ಲೋಟ ಒಯ್ಯಲು ಬಂದರು. ಬಂದವರು ನಿಂತು ಒಂದೇ ಮಾತು ಕೇಳಿದರು: "ನಿಮಗ ಬ್ಯಾಡ ಅನಸೂದು ದೇವ್ರು ನೋಡ್ತಾನಂತೋ, ಸಭಿ ಮಂದಿ ನೋಡ್ತಾರಂತೋ?" ಯಾರೂ ಉತ್ತರ ಕೊಡಲಿಲ್ಲ. ಪಾಸ್ಟರ್ ಹಾಡಿನ ಪುಸ್ತಕ ತೆಗೆದರು. ನಾವು ಹಾಡಿದ ಆ ಹಾಡಿನ ಮಾತು ಕನ್ನಡ, ರಾಗ ಜರ್ಮನಿಯದು. ಅದನ್ನು ಹಾಡುವಾಗ ನಾವು ಯಾವತ್ತೂ ಯಾರ ಸಂಸ್ಕೃತಿಗೆ ಹೊಂದಿಕೊಂಡೆವು ಅಂತ ಚರ್ಚೆ ಮಾಡಿಲ್ಲ.

ಪೂಜೆಯ ದಿನ

ಸೋಮವಾರ ಬೆಳಿಗ್ಗೆ ಮಿಸ್ತ್ರಿ ಮಾಲಕರ ಕ್ಯಾಬಿನ್ನಿಗೆ ಹೋದರು. "ಮಷಿನ್ ಸೇವಾ ನಂದು ಸಾವ್ಕಾರ್ರ, ಪೂಜಾ ನಿಮ್ದು. ಕಾಯಿ ಹಿರ್ಯಾರ ಕೈಲಿ ಒಡಸ್ರಿ. ನಾ ಅಲ್ಲೇ ಬಾಜೂಕ ನಿಂದರ್ತೀನಿ, ಹೊರಗ ಹೋಗಂಗಿಲ್ಲ." ಮಾಲಕರು ಮೊಬೈಲ್ ನೋಡುತ್ತಲೇ "ನಿಮ್ಮ ಇಷ್ಟ" ಅಂದರು. ಹುಬ್ಬಳ್ಳಿಯಲ್ಲಿ ಮಾಲಕರು "ನಿಮ್ಮ ಇಷ್ಟ" ಅಂದರೆ ಏನರ್ಥ ಅಂತ ಕೆಲಸ ಮಾಡಿದವರಿಗೆ ಗೊತ್ತು.

ಅವತ್ತು ಮಿಸ್ತ್ರಿ ಇಬ್ಬರು ಹುಡುಗರನ್ನು ಕರೆದುಕೊಂಡು ರಾತ್ರಿ ಒಂಬತ್ತರವರೆಗೂ ಕೆಲಸ ಮಾಡಿದರು. ನಾಲ್ಕೂ ಲೇತಿನ ಬೆಡ್ಡು ಸೀಮೆಎಣ್ಣೆಯಿಂದ ಒರೆಸಿದರು. ಹಳೇ ಕೂಲಂಟ್ ಚೆಲ್ಲಿ ಹೊಸದು ಹಾಕಿದರು. ಚಕ್ಕಿನ ದವಡೆ ಬಿಚ್ಚಿ ಒಳಗಿನ ಕಬ್ಬಿಣದ ಪುಡಿ ತೆಗೆದರು. ಟೂಲ್ ಬಿಟ್ಟುಗಳನ್ನೆಲ್ಲ ಸಾಣೆ ಹಿಡಿದು ಹಲಗೆಯ ಮೇಲೆ ಸಾಲಾಗಿ ಜೋಡಿಸಿದರು. ವರ್ಷಕ್ಕೊಮ್ಮೆ ನಡೆಯುವ ಈ ಕೆಲಸವನ್ನು ಅಷ್ಟು ಚೊಕ್ಕವಾಗಿ ಹಳೇ ಮಿಸ್ತ್ರಿಯೂ ಮಾಡಿರಲಿಲ್ಲವಂತೆ.

ಮಂಗಳವಾರ ಕಾಯಿ ಒಡೆದವರು ಅಲ್ಲಿನ ಹಿರಿಯ ಟರ್ನರ್, ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವರು. ಒಡೆಯುವ ಮುಂಚೆ ಮಿಸ್ತ್ರಿಯ ಕಿವಿಯ ಹತ್ತಿರ ಬಂದು, "ನಮ್ಮ ಶರಣರೂ ಲಿಂಗ ಬಿಟ್ಟು ಬ್ಯಾರೇದಕ್ಕ ಕೈ ಮುಗಿಬ್ಯಾಡ್ರಿ ಅಂದಾರ. ನಾವು ಲೇತಿಗೆ ಮುಗೀತೀವಿ. ಹೊಟ್ಟಿ ಕೇಳ್ಬೇಕಲ್ಲ" ಅಂದು ನಕ್ಕು ಕಾಯಿ ಒಡೆದರು. ಎರಡು ಹೋಳು ಸರಿಯಾಗಿ ಆಯಿತು.

ಮಿಸ್ತ್ರಿಗೆ ದೊಡ್ಡ ಸಮಸ್ಯೆ ಆದದ್ದು ಕೈ. ಮುಂದಿನ ಸಾಲಿನಲ್ಲಿ ನಿಂತಿದ್ದಾರೆ, ಸುತ್ತ ಎಲ್ಲರ ಕೈ ಮುಗಿದಿದೆ. ಇವರು ಕೈ ಎಲ್ಲಿ ಇಡಬೇಕು? ಕಟ್ಟಿಕೊಂಡರೆ ಸೊಕ್ಕು ಅನಿಸುತ್ತದೆ. ಇಳಿಬಿಟ್ಟರೆ ಎದ್ದು ಕಾಣುತ್ತದೆ. ಕೊನೆಗೆ ಒಂದು ಹತ್ತಿಯ ವೇಸ್ಟ್ ಹಿಡಿದುಕೊಂಡು ನಿಂತರಂತೆ, ಮಷಿನ್ ಒರೆಸುವವರ ಹಾಗೆ. ಇದನ್ನು ಹೇಳುವಾಗ ಅವರಿಗೇ ನಗು ಬರುತ್ತದೆ.

ಆಮೇಲೆ ಆದದ್ದು ನಗುವಂಥದ್ದಲ್ಲ. ಹೆಲ್ಪರ್ ಹುಡುಗ ಒಬ್ಬ, 19 ವರ್ಷ, ಕುಂದಗೋಳ ಕಡೆಯವನು. ಇವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ಆರತಿ ತಟ್ಟೆ ಹಿಡಿದು ಎಲ್ಲರಿಗೂ ಕುಂಕುಮ ಹಚ್ಚುತ್ತಾ ಬಂದ. ಇವರ ಹತ್ತಿರ ಬಂದವನೇ ಪ್ರೀತಿಯಿಂದ ಬೆರಳು ಎತ್ತಿದ. ಮಿಸ್ತ್ರಿ ತಲೆ ಸಟ್ಟನೆ ಹಿಂದಕ್ಕೆ ತೆಗೆದುಕೊಂಡರು. ಯೋಚನೆ ಮಾಡಿ ಮಾಡಿದ್ದಲ್ಲ, ಬಿಸಿ ಚೂರು ಹಾರಿದಾಗ ತಲೆ ಸರಿಯುತ್ತದಲ್ಲ, ಹಾಗೆ. ಹುಡುಗನ ಬೆರಳು ಗಾಳಿಯಲ್ಲೇ ನಿಂತಿತು. ಮುಖ ಸಣ್ಣದಾಯಿತು. ಮುಂದಿನವನ ಹತ್ತಿರ ಹೋದ.

ಕಾಯಿಯ ಬಗ್ಗೆ ಮೂರು ದಿನ ವಿಚಾರ ಮಾಡಿದ್ದರು. ಕುಂಕುಮದ ಬಗ್ಗೆ ಒಂದು ಕ್ಷಣವೂ ಮಾಡಿರಲಿಲ್ಲ. ನಾವೂ ಯಾರೂ ಮಾಡಿರಲಿಲ್ಲ. ಕೂಟದಲ್ಲಿ ದಾನಿಯೇಲನ ಕಾಲದ ಬಾಬೆಲಿಗೆ ಹೋಗಿ ಬಂದೆವು, ಕೊರಿಂಥಕ್ಕೆ ಹೋಗಿ ಬಂದೆವು. ಕುಂದಗೋಳದ ಹುಡುಗನ ಬೆರಳು ಯಾರಿಗೂ ನೆನಪಾಗಲಿಲ್ಲ. ಮಾಲಕರ ಮುಂದೆ ಇಲ್ಲ ಅನ್ನುವಾಗ ಕಳೆದುಕೊಳ್ಳುವವರು ಮಿಸ್ತ್ರಿ. ಹುಡುಗನ ಮುಂದೆ ಇಲ್ಲ ಅಂದಾಗ ಕಳೆದುಕೊಂಡವನು ಹುಡುಗ. ಇವೆರಡೂ ಒಂದೇ ತೂಕದವಲ್ಲ.

ಮರುದಿನ ದಸರೆ. ಸಂಜೆ ಓಣಿಯಲ್ಲಿ ಬನ್ನಿ ಕೊಡುವುದು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅಂತ ಕೈಗೆ ಎಲೆ ಇಟ್ಟು ಹಿರಿಯರ ಕಾಲು ಮುಟ್ಟುವುದು ನಮ್ಮ ಕಡೆಯ ರೂಢಿ. ಪಾಂಡವರು ಆಯುಧ ಬಚ್ಚಿಟ್ಟ ಮರದ ಎಲೆ ಅನ್ನುವುದು ಅದರ ಹಿಂದಿನ ಕತೆ. ಮಿಸ್ತ್ರಿ ಬನ್ನಿ ತೆಗೆದುಕೊಂಡರು, ಕೊಟ್ಟರು. ಆ ಹುಡುಗನ ರೂಮಿಗೂ ಹೋಗಿ ಕೊಟ್ಟು ಬಂದರು. ಹುಡುಗ ತೆಗೆದುಕೊಂಡ, ಜಾಸ್ತಿ ಮಾತಾಡಲಿಲ್ಲ.

ಸಭೆಯಲ್ಲಿ ಇಬ್ಬರಿಗೆ ಇದು ಸರಿಬರಲಿಲ್ಲ. ಕಾಯಿ ಬೇಡ, ಬನ್ನಿ ಬೇಕೇ? ನನ್ನ ಅಭಿಪ್ರಾಯ ಕೇಳಿದರೆ ಬನ್ನಿ ತೆಗೆದುಕೊಂಡದ್ದು ಸರಿ. ಕಾಯಿ ಒಡೆಯುವುದು ದೇವರಿಗೆ ಮಾಡುವುದು. ಬನ್ನಿ ಕೊಡುವುದು ನೆರೆಯವರ ಜೊತೆ ಹಳೇ ಸಿಟ್ಟು ಮರೆಯುವುದು. ಎಲ್ಲರೂ ಈ ಗೆರೆಯನ್ನು ಇಲ್ಲೇ ಎಳೆಯುವುದಿಲ್ಲ, ನನಗೆ ಗೊತ್ತು.

ಚಪ್ಪಾಳೆ

ಆ ರವಿವಾರ ಚರ್ಚಿನಲ್ಲಿ ಪ್ರಸಂಗ, ಅಂದರೆ ಬೋಧನೆ, ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ ಮೇಲೆ. ಇಹಲೋಕದ ನಡವಳಿಕೆ ಅನುಸರಿಸಬೇಡಿ ಅನ್ನುವ ವಾಕ್ಯ. ಆರಾಧನೆ ಮುಗಿದ ಮೇಲೆ ಮಿಸ್ತ್ರಿಯನ್ನು ಮುಂದೆ ಕರೆದು ಸಾಕ್ಷಿ ಹೇಳಿಸಿದೆವು. ಕರೆಸಿದವನು ನಾನೇ. ಅವರು ಎರಡೇ ಮಾತು ಆಡಿ ಇಳಿದರು. ಜನ ಚಪ್ಪಾಳೆ ಹೊಡೆದರು. ಹುಡುಗನ ವಿಷಯ ಅವರು ಹೇಳಲಿಲ್ಲ. ನಮಗೆ ಅದು ಗೊತ್ತಾದದ್ದು ಬಹಳ ತಡವಾಗಿ.

ವರ್ಕ್‌ಶಾಪಿನಲ್ಲಿ ನವೆಂಬರಿನಲ್ಲಿ ಎರಡನೇ ನಂಬರಿನ ಲೇತಿನ ಬೇರಿಂಗ್ ಹೋಯಿತು. ಹತ್ತು ವರ್ಷದ ಬೇರಿಂಗ್, ಹೋಗಲೇಬೇಕಿತ್ತು. ಆದರೂ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲಕರು ಮಾತ್ರ ಆ ಬಗ್ಗೆ ಒಂದು ಮಾತು ಆಡಲಿಲ್ಲ. ದೀಪಾವಳಿ ಬೋನಸ್ಸೂ ಕಡಿಮೆ ಆಗಿರಲಿಲ್ಲ. ಇದನ್ನು ಬರೆಯದಿದ್ದರೆ ಅನ್ಯಾಯ ಆಗುತ್ತದೆ.

ಐದು ತೊಲೆ

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

2023ರ ಮಾರ್ಚ್‌ನಲ್ಲಿ ಅವರ ದೊಡ್ಡ ಮಗಳಿಗೆ ಧಾರವಾಡ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಕ್ರೈಸ್ತ, ಖಾಸಗಿ ಕಂಪನಿಯಲ್ಲಿ ಕೆಲಸ, ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಬಂದವರು ಮೊದಲು ಪ್ರಾರ್ಥನೆ ಮಾಡಿದರು. ಉಪ್ಪಿಟ್ಟು, ಶಿರಾ ತಿಂದರು. ಆಮೇಲೆ ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡು ಕೇಳಿದರು: "ತಪ್ಪು ತಿಳ್ಕೋಬ್ಯಾಡ್ರಿ, ನೀವು ಮೊದ್ಲು ಯಾವ ಪೈಕಿ?"

ಬೆಟಗೇರಿಗೆ ಮಿಷನ್ ಬಂದು 182 ವರ್ಷ. ಈ ಮನೆತನದಲ್ಲಿ ಐದು ತಲೆಮಾರಿಗೆ ದೀಕ್ಷಾಸ್ನಾನ ಆಗಿದೆ. ಆದರೂ "ಮೊದ್ಲು ಯಾವ ಪೈಕಿ". 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಸೇರಿಲ್ಲ. ಕ್ರೈಸ್ತನಾದ ಮೇಲೆ ಆ ಜಾತಿಯೇ ಇಲ್ಲ ಅನ್ನುವ ಹಾಗೆ ಸರ್ಕಾರದ ಪುಸ್ತಕ ನಡೆದುಕೊಳ್ಳುತ್ತದೆ. ಬೀಗರ ಪುಸ್ತಕದಲ್ಲಿ ಅದು ಹಾಗೇ ಇದೆ.

ಮಿಸ್ತ್ರಿ ಉತ್ತರ ಕೊಟ್ಟರು. ಬೀಗರಿಗೆ ಅದು ಹಿತವಾಯಿತು, ಅವರದೂ ಅದೇ ಪೈಕಿ. ಮಾತು ವರೋಪಚಾರಕ್ಕೆ ಬಂತು. ಐದು ತೊಲೆ ಬಂಗಾರ, ಒಂದು ಬೈಕು. ಹುಂಡ ಅಂತ ಯಾರೂ ಅನ್ನಲಿಲ್ಲ. "ನಿಮ್ಮ ಮಗಳಿಗೇ ಹಾಕ್ತೀರಿ, ನಮಗೇನು?" ಅಂದರು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಆ ಕಾಯ್ದೆಗೂ ಈ ಮಾತು ಕೇಳಿ ಅಭ್ಯಾಸ ಆಗಿರಬೇಕು.

ಮನೆಯಲ್ಲಿ ಎರಡು ತೊಲೆ ಇತ್ತು. ಉಳಿದದ್ದಕ್ಕೆ ಮಿಸ್ತ್ರಿ ಹೋದದ್ದು ಮಾಲಕರ ಕ್ಯಾಬಿನ್ನಿಗೆ. ಎರಡು ಲಕ್ಷ ಮುಂಗಡ ಕೇಳಿದರು. ಮಾಲಕರು ಏತಕ್ಕೆ ಅಂದರು. ಇವರು ಸುಳ್ಳು ಹೇಳುವವರಲ್ಲ, ಇದ್ದದ್ದು ಹೇಳಿದರು.

ಮಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಿಸ್ತ್ರಿ, ನಿಮ್ಮೊಳಗೂ ಇದು ಐತೇನ್ರಿ?"

ಅವರು ಚುಚ್ಚಲು ಕೇಳಲಿಲ್ಲ ಅಂತ ಮಿಸ್ತ್ರಿ ಖಂಡಿತವಾಗಿ ಹೇಳುತ್ತಾರೆ. ನಿಜವಾಗಿ ಆಶ್ಚರ್ಯ ಆಗಿತ್ತಂತೆ. ಕಾಯಿ ಒಡೆಯಲು ಒಲ್ಲೆ ಅಂದವರ ಮನೆಯಲ್ಲಿ ಇದೆಲ್ಲ ಇರುವುದಿಲ್ಲ ಅಂದುಕೊಂಡಿದ್ದರು. ಚೆಕ್ ಬರೆದು ಕೊಟ್ಟರು. ತಿಂಗಳಿಗೆ ಐದು ಸಾವಿರ ಪಗಾರದಲ್ಲಿ ಮುರಿದುಕೊಳ್ಳುವುದು, ಬಡ್ಡಿ ಇಲ್ಲ.

ಇಲ್ಲಿ ಮಿಸ್ತ್ರಿಯ ಮೇಲೆ ಕಲ್ಲು ಎಸೆಯುವುದು ಸುಲಭ. ಮಗಳಿಗೆ 25 ಆಗಿತ್ತು. ಅದಕ್ಕೂ ಮುಂಚೆ ಎರಡು ಸಂಬಂಧ ಬಂಗಾರದ ಮಾತಿಗೇ ತಪ್ಪಿದ್ದವು. ಕಾಯಿ ಬೇಡ ಅಂದಾಗ ಅವರ ಹಿಂದೆ ಇಡೀ ಸಭೆ ಇತ್ತು, ಶದ್ರಕ್ ಮೇಶಕ್ ಇದ್ದರು, ಸುಪ್ರೀಂ ಕೋರ್ಟಿನ ತೀರ್ಪೂ ಇತ್ತು. ಬಂಗಾರ ಬೇಡ ಅನ್ನಲು ಯಾರಿದ್ದರು? ಆ ತಿಂಗಳು ಒಂದು ಪ್ರಾರ್ಥನಾ ಕೂಟವನ್ನೂ ನಾವು ಅದಕ್ಕಾಗಿ ಕರೆಯಲಿಲ್ಲ. ಅವರೂ ತೆಗೆಯಲಿಲ್ಲ, ನಾವೂ ಕೇಳಲಿಲ್ಲ. ಕಾಯಿ ಒಡೆ ಅಂದವರು ಹೊರಗಿನವರು, ನಮಗೆ ತಕ್ಷಣ ಗೊತ್ತಾಯಿತು. ಐದು ತೊಲೆ ಕೇಳಿದವರು ಬೈಬಲ್ ಹಿಡಿದುಕೊಂಡು ಬಂದಿದ್ದರು, ಬಾಗಿಲಲ್ಲಿ "ಕರ್ತನಿಗೆ ಸ್ತೋತ್ರ" ಅಂದಿದ್ದರು. ಇದೂ ಸುತ್ತಲಿನ ಸಂಸ್ಕೃತಿಯೇ ಅಂತ ನಮ್ಮ ಹದಿನಾರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಮಿಸ್ತ್ರಿಯ ಮನೆಯವರಿಗೆ. ಅವರು ಬೇಡ ಅಂದರು. "ಅವತ್ತು ಕೂಟದಾಗ ಕೇಳಿದ್ನಲ್ಲ, ಇವತ್ತೂ ಅದನ್ನ ಕೇಳ್ತೀನಿ" ಅಂದರಂತೆ. ಮಿಸ್ತ್ರಿ ಸಿಟ್ಟಾಗಿ ಎದ್ದು ಹೋದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಕೊನೆಗೆ ಮಗಳೇ "ಆಗ್ಲಿ ಬಿಡವ್ವಾ" ಅಂದಳು. ಮೂರು ರವಿವಾರ ಚರ್ಚಿನಲ್ಲಿ ಮದುವೆ ಪ್ರಕಟಣೆ ಓದಿದರು. ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಿರಿ ಅಂತ ಮೂರು ಸಲವೂ ಕೇಳಿದರು. ನಾನು ಎರಡನೇ ಬೆಂಚಿನಲ್ಲಿ ಕೂತಿದ್ದೆ. ಐದು ತೊಲೆಯ ವಿಷಯ ನನಗೆ ಗೊತ್ತಿತ್ತು.

ಮೇ ತಿಂಗಳಲ್ಲಿ ಮದುವೆ ಆಯಿತು. ಮಾಲಕರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಚರ್ಚಿನಲ್ಲಿ ಕರ್ತನ ಪ್ರಾರ್ಥನೆ ಶುರುವಾದಾಗ ಅವರೂ ಎದ್ದು ನಿಂತು ಪೂರ್ತಿ ಹೇಳಿದರು. ಪುಸ್ತಕ ನೋಡಲಿಲ್ಲ.

ಸಮಿತಿಯಲ್ಲಿ

ಜೂನ್‌ನ ಸಮಿತಿ ಸಭೆಯಲ್ಲಿ ನಾನು ಒಂದು ವಿಷಯ ಇಟ್ಟೆ. ಮದುವೆ ಪ್ರಕಟಣೆಗೆ ಮುಂಚೆ ಎರಡೂ ಕಡೆಯವರು ಕೊಡುವುದು, ತೆಗೆದುಕೊಳ್ಳುವುದು ಏನೂ ಇಲ್ಲ ಅಂತ ಪಾಸ್ಟರ್ ಮುಂದೆ ಬರೆದುಕೊಡಬೇಕು. ಪೈಕಿ ಕೇಳುವವರಿಗೆ ಏನು ಹೇಳಬೇಕು ಅಂತ ಯುವಕರ ಕೂಟದಲ್ಲಿ ಮಾತಾಗಬೇಕು. ಒಬ್ಬರು, "ಇದು ಮನಿ ವಿಷಯ, ಸಭಿಗೆ ಯಾಕ?" ಅಂದರು. ಇನ್ನೊಬ್ಬರು, ನಿಮ್ಮ ಮಗನ ಮದುವೆಯಲ್ಲಿ ಏನಾಗಿತ್ತು ಅಂತ ನನ್ನನ್ನೇ ಕೇಳಿದರು. 2009ರಲ್ಲಿ ನಾವು ಮೂರು ತೊಲೆ ತೆಗೆದುಕೊಂಡಿದ್ದೆವು. ಬೈಕ್ ಕೇಳಿರಲಿಲ್ಲ, ಅಷ್ಟೇ. ಅದನ್ನು ಒಪ್ಪಿಕೊಂಡೆ. ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಆಮೇಲೆ ಅದರ ಮುಂದಿನ ಸಭೆಗೆ ಹಾಕಿದರು.

ಬನ್ನಿ ತೆಗೆದುಕೊಂಡದ್ದು ಸರಿಯೋ ತಪ್ಪೋ ಅಂತ ಅದೇ ಸಮಿತಿ ಹಿಂದಿನ ವರ್ಷ ಒಂದೂವರೆ ತಾಸು ಚರ್ಚೆ ಮಾಡಿತ್ತು. ನಡಾವಳಿ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇದೆ.

2023ರ ಖಂಡೆ ಪೂಜೆ ಅಕ್ಟೋಬರ್ 23ಕ್ಕೆ ಬಂತು. ಮಿಸ್ತ್ರಿ ಹಿಂದಿನ ದಿನ ಮತ್ತೆ ಮಷಿನ್ ತೊಳೆದರು. ಈ ಸಲ ಹೆಲ್ಪರ್ ಹುಡುಗನನ್ನು ಮುಂಚೆಯೇ ಪಕ್ಕಕ್ಕೆ ಕರೆದು ಹೇಳಿದ್ದರು: "ತಮ್ಮಾ, ಕುಂಕುಮಾ ನನಗ ಬ್ಯಾಡ, ಸಿಟ್ಟಿನಿಂದ ಅಲ್ಲ. ಬಾಳಿಹಣ್ಣು ಕೊಡು, ತಿಂತೀನಿ." ಹುಡುಗ ತಟ್ಟೆ ಹಿಡಿದು ಬಂದ. ಇವರ ಮುಂದೆ ನಿಂತ. ಲೇತಿಗೆ ಕುಂಕುಮ ಹಚ್ಚಿದ, ಇವರಿಗೆ ಬಾಳೆಹಣ್ಣು ಕೊಟ್ಟ. ಪೌಲನ ಲೆಕ್ಕದಲ್ಲಿ ಆ ಹಣ್ಣು ತಿನ್ನಬಹುದಿತ್ತೋ ಇಲ್ಲವೋ, ನಾವು ಯಾರೂ ಕೂಟ ಕರೆದು ಕೇಳಲಿಲ್ಲ.

ಮುಂಗಡದ ಮೊದಲ ಕಂತು ಆ ವರ್ಷದ ಜೂನ್ ಪಗಾರದಲ್ಲಿ ಮುರಿದಿತ್ತು. ಒಟ್ಟು 40 ಕಂತು. ಕೊನೆಯದು 2026ರ ಸೆಪ್ಟೆಂಬರಿಗೆ.